ಪಂದ್ಯವೇ ನಡೆಯದ ತವರು ಅಂಗಣ

2025ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಲಾ ಕೋಸ್ಟಾ ರೆಸಾರ್ಟಿನಲ್ಲಿ ಅಮೆರಿಕದ ಕಾಲೇಜು ಮಹಿಳಾ ಗಾಲ್ಫ್ ಚಾಂಪಿಯನ್‌ಷಿಪ್‌ನ ಫೈನಲ್ ನಡೆಯಿತು. ಒಂದು ಕಡೆ ಸ್ಟ್ಯಾನ್‌ಫರ್ಡ್. 1930ರಿಂದಲೂ ವಿಶ್ವವಿದ್ಯಾಲಯದ ನೆಲದಲ್ಲೇ ಇರುವ 18 ಹೋಲ್‌ಗಳ ಅಂಗಣ, ತಂಡದವರಿಗೆಂದೇ ಮೀಸಲಾದ ಸುಮಾರು 30 ಎಕರೆಯ ಅಭ್ಯಾಸ ಮೈದಾನ, ವರ್ಷವಿಡೀ ಹಿತವಾದ ಬಿಸಿಲು. ಇನ್ನೊಂದು ಕಡೆ ನಾರ್ತ್‌ವೆಸ್ಟರ್ನ್. ಷಿಕಾಗೊ ಪಕ್ಕದ ಎವನ್‌ಸ್ಟನ್‌ನಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ, ಚಳಿಗಾಲ ಬಂತೆಂದರೆ ಹುಲ್ಲು ಕಣ್ಣಿಗೇ ಬೀಳದ ಕ್ಯಾಂಪಸ್. ಅಲ್ಲಿನ ಹುಡುಗಿಯರು ತಿಂಗಳುಗಟ್ಟಲೆ ಚೆಂಡು ಹೊಡೆಯುವುದು ಸೂರಿನ ಕೆಳಗೆ. ಫೈನಲ್‌ನಲ್ಲಿ ಗೆದ್ದದ್ದು ನಾರ್ತ್‌ವೆಸ್ಟರ್ನ್, ಒಬ್ಬರಿಗೊಬ್ಬರು ಎದುರಾಗಿ ಆಡುವ ಐದು ಪಂದ್ಯಗಳಲ್ಲಿ 3–2ರಿಂದ. ಆ ತಂಡಕ್ಕೆ ಅದು ಮೊದಲ ರಾಷ್ಟ್ರೀಯ ಪ್ರಶಸ್ತಿ.

ಹಾಗಾದರೆ ಕೋಟಿಗಟ್ಟಲೆ ಸುರಿದು ಕಟ್ಟಿದ ಅಭ್ಯಾಸ ಮೈದಾನಗಳೆಲ್ಲ ವ್ಯರ್ಥವೇ ಎಂದು ಕೇಳುವ ಮೊದಲು ಇನ್ನೊಂದು ವಾರ ಕಾಯಬೇಕು. ಅದೇ ಲಾ ಕೋಸ್ಟಾದಲ್ಲಿ ಪುರುಷರ ಫೈನಲ್ ಗೆದ್ದದ್ದು ಒಕ್ಲಹೋಮಾ ಸ್ಟೇಟ್. ಕಾಲೇಜು ಗಾಲ್ಫಿನಲ್ಲಿ ಅತ್ಯಂತ ಹೆಸರುವಾಸಿಯಾದ ಸ್ವಂತ ಅಂಗಣ ಯಾವ ತಂಡದ್ದು ಎಂದು ಕೇಳಿದರೆ ಹೆಚ್ಚಿನವರು ಬೆರಳು ತೋರುವುದು ಅದರ ಕಡೆಗೇ. ಒಂದೇ ನೆಲ, ಒಂದೇ ತಿಂಗಳು, ಒಂದಕ್ಕೊಂದು ಎದುರು ನಿಲ್ಲುವ ಎರಡು ಉತ್ತರ. ಈ ಗೊಂದಲಕ್ಕೆ ಕಾರಣ, ನನ್ನ ಪ್ರಕಾರ, ನಾವು ಕೇಳುವ ಪ್ರಶ್ನೆಯೇ ತಪ್ಪಿರುವುದು. ಅಂಗಣ ಎಷ್ಟು ಚೆನ್ನಾಗಿದೆ ಎಂದು ಎಲ್ಲರೂ ಕೇಳುತ್ತಾರೆ. ಅದರ ಮೇಲೆ ವಿದ್ಯಾರ್ಥಿಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳುವವರು ಕಡಿಮೆ.

ಮೊದಲು ‘ತವರು ಅಂಗಣ’ ಎಂಬ ಮಾತನ್ನೇ ಬಿಡಿಸಿ ನೋಡೋಣ. ಕ್ರಿಕೆಟ್ಟಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಬೆಂಗಳೂರು ತಂಡದ ತವರು ಎಂದಾಗ ಅರ್ಥ ಸ್ಪಷ್ಟ: ತಂಡದ ಹಲವು ಪಂದ್ಯಗಳು ಅಲ್ಲಿ ನಡೆಯುತ್ತವೆ, ಗ್ಯಾಲರಿ ನಮ್ಮದು, ಪಿಚ್ ನಮಗೆ ಗೊತ್ತು. ಕಾಲೇಜು ಗಾಲ್ಫಿನಲ್ಲಿ ಹಾಗಿಲ್ಲ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಒಂದು ಸುತ್ತು, ಫೆಬ್ರವರಿಯಿಂದ ಮೇ ವರೆಗೆ ಇನ್ನೊಂದು ಸುತ್ತು ನಡೆಯುವ ಋತುವಿನಲ್ಲಿ ಒಂದು ತಂಡ ತನ್ನ ಅಂಗಣದಲ್ಲಿ ಆತಿಥ್ಯ ವಹಿಸುವ ಟೂರ್ನಿ ಸಾಮಾನ್ಯವಾಗಿ ಒಂದೋ ಎರಡೋ. ಕೆಲವು ತಂಡಗಳಿಗೆ ಅದೂ ಇಲ್ಲ. ಉಳಿದದ್ದೆಲ್ಲ ಬೇರೆಯವರ ಹುಲ್ಲಿನ ಮೇಲೆ. ನಮ್ಮ ಕಡೆ ಮಗಳು ಗಂಡನ ಮನೆಯಲ್ಲಿ ಬಾಳಿ ಹಬ್ಬಕ್ಕೊಮ್ಮೆ ತವರಿಗೆ ಬರುತ್ತಾಳೆ. ಇಲ್ಲಿ ಅದು ತಿರುವುಮುರುವು: ದಿನವೂ ತವರಿನಲ್ಲೇ ವಾಸ, ಸತ್ವಪರೀಕ್ಷೆ ಮಾತ್ರ ಊರೂರಿನಲ್ಲಿ.

ಆದ್ದರಿಂದ ತವರು ಅಂಗಣದ ನಿಜವಾದ ಬಳಕೆ ಎರಡೇ. ಒಂದು, ದಿನನಿತ್ಯದ ಅಭ್ಯಾಸ. ಇನ್ನೊಂದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ: ತಂಡದೊಳಗಿನ ಆಯ್ಕೆ ಸುತ್ತುಗಳು. ಒಂದು ತಂಡದಲ್ಲಿ ಒಂಬತ್ತೋ ಹತ್ತೋ ಮಂದಿ ಇದ್ದರೂ ಟೂರ್ನಿಗೆ ಹೋಗುವುದು ಐದು ಜನ; ದಿನದ ಕೊನೆಗೆ ಅವರಲ್ಲಿ ಅತ್ಯುತ್ತಮ ನಾಲ್ವರ ಅಂಕಗಳನ್ನು ಕೂಡಿಸುತ್ತಾರೆ. ಆ ಐದು ಸ್ಥಾನಗಳಲ್ಲಿ ಹಲವನ್ನು ನಿರ್ಧರಿಸುವುದು ತವರಿನಲ್ಲಿ, ಪ್ರೇಕ್ಷಕರಿಲ್ಲದ ಮಂಗಳವಾರ ಮಧ್ಯಾಹ್ನ, ಒಂದೇ ಹಾಸ್ಟೆಲಿನ ಗೆಳೆಯರ ನಡುವೆ ನಡೆಯುವ ಸ್ಪರ್ಧೆ. ಊಟದ ಮೇಜಿನಲ್ಲಿ ಪಕ್ಕದಲ್ಲಿ ಕೂರುವವನನ್ನೇ ಒಂದು ಹೊಡೆತದಿಂದ ಹಿಂದಿಕ್ಕಬೇಕು. ತವರು ಅಂಗಣದಲ್ಲಿ ಪಂದ್ಯ ನಡೆಯುವುದಿಲ್ಲ ಎನ್ನುವುದು ಅರ್ಧ ಸತ್ಯ ಮಾತ್ರ. ವರ್ಷದ ಅತ್ಯಂತ ನಿರ್ದಯ ಪಂದ್ಯಗಳು ನಡೆಯುವುದು ಅಲ್ಲೇ, ಯಾವ ಪತ್ರಿಕೆಯೂ ಅವನ್ನು ವರದಿ ಮಾಡುವುದಿಲ್ಲ ಅಷ್ಟೆ.

ಅಂದರೆ ಅಂಗಣದ ಸ್ವಭಾವವೇ ತಂಡದ ಸ್ವಭಾವವನ್ನು ಆರಿಸುತ್ತದೆ. ಉದ್ದನೆಯ, ಕಾಡು ಒತ್ತರಿಸಿಕೊಂಡ ಅಂಗಣದಲ್ಲಿ ಆಯ್ಕೆ ಸುತ್ತು ನಡೆಸಿದರೆ ದೂರ ಮತ್ತು ನೇರ ಹೊಡೆಯುವವನು ಮೇಲೆ ಬರುತ್ತಾನೆ. ಗಿಡ್ಡ, ಬಯಲು ಅಂಗಣವಾದರೆ ಪಟ್ಟಿಂಗ್ (ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ಕಲೆ) ಬಲ್ಲವನು. ಕಷ್ಟದ ಅಂಗಣ ಆಟಗಾರನನ್ನು ಗಟ್ಟಿ ಮಾಡುತ್ತದೆ ಎಂಬುದು ಒಂದು ಪಂಥ. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲು; ದಿನವೂ 76 ಹೊಡೆತಗಳಲ್ಲಿ ಸುತ್ತು ಮುಗಿಸಿ ಮನೆಗೆ ಹೋಗುವವನಿಗೆ 65ರಲ್ಲಿ ಮುಗಿಸುವ ಅಭ್ಯಾಸವೇ ಆಗುವುದಿಲ್ಲ ಎಂಬುದು ಇನ್ನೊಂದು. ಎರಡನೆಯ ವಾದಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಎಂದು ನನ್ನ ಅನಿಸಿಕೆ. ಕಷ್ಟದ ಅಂಗಣದ ಹೆಸರು ಕರಪತ್ರದಲ್ಲಿ ಚೆನ್ನಾಗಿ ಕಾಣಿಸುತ್ತದೆ, ಸುಲಭದ್ದು ಕಾಣಿಸುವುದಿಲ್ಲ.

ಮೊದಲ ಪಂಥದ ದೇಗುಲವೆಂದರೆ ಒಕ್ಲಹೋಮಾದ ಸ್ಟಿಲ್‌ವಾಟರ್ ಊರಿನ ಕಾರ್ಸ್ಟನ್ ಕ್ರೀಕ್. ಮೈಕ್ ಹೋಲ್ಡರ್ 1973ರಿಂದ 2005ರವರೆಗೆ ಒಕ್ಲಹೋಮಾ ಸ್ಟೇಟ್ ಪುರುಷರ ತಂಡದ ತರಬೇತುದಾರರಾಗಿದ್ದರು. ಅವರ ಕಾಲದಲ್ಲಿ ತಂಡ ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ತಂಡಕ್ಕೆ ಸ್ವಂತ ನೆಲ ಬೇಕೆಂದು ಹಠ ಹಿಡಿದು ಹಣ ಕೂಡಿಸಿದವರೂ ಅವರೇ. ಟಾಮ್ ಫ್ಯಾಝಿಯೊ ವಿನ್ಯಾಸ ಮಾಡಿದ ಅಂಗಣ 1994ರಲ್ಲಿ ತೆರೆಯಿತು. ಓಕ್ ಮರಗಳ ನಡುವೆ ಕೊರೆದಂತಿರುವ ಫೇರ್‌ವೇಗಳು, ಅಂದರೆ ಚೆಂಡು ಸಾಗಬೇಕಾದ ಹುಲ್ಲಿನ ಹಾದಿಗಳು. ಹಾದಿ ತಪ್ಪಿದ ಚೆಂಡು ಪೊದೆಗೆ ಹೋದರೆ ಅದನ್ನು ಹುಡುಕುವುದಕ್ಕಿಂತ ಮರೆಯುವುದು ಸುಲಭ. ಹೆಸರು ಪಿಂಗ್ ಗಾಲ್ಫ್ ಕಂಪನಿಯ ಸಂಸ್ಥಾಪಕ, ನಾರ್ವೆ ಮೂಲದ ಎಂಜಿನಿಯರ್ ಕಾರ್ಸ್ಟನ್ ಸೋಲ್ಹೈಮ್ ಅವರದು. ಅಂಗಣದ ಕೆರೆಗೆ ಅವರ ಪತ್ನಿ ಲೂಯೀಸ್ ಹೆಸರು. ಅಮೆರಿಕದಲ್ಲಿ ದಾನಿಗಳ ಹೆಸರು ಕಲ್ಲಿನ ಮೇಲೆ ಮಾತ್ರವಲ್ಲ, ನೀರಿನ ಮೇಲೂ ಬರೆಯಲಾಗುತ್ತದೆ.

ಮುಂದೆ ವೃತ್ತಿಪರ ಗಾಲ್ಫಿನಲ್ಲಿ ಹೆಸರಾದ ರಿಕಿ ಫೌಲರ್ ಇಲ್ಲಿ ಆಡಿದರು, ವಿಕ್ಟರ್ ಹೋವ್‌ಲ್ಯಾಂಡ್ ಆಡಿದರು. ಹೋವ್‌ಲ್ಯಾಂಡ್ ನಾರ್ವೆಯಿಂದ ಹೊರಟು ಒಕ್ಲಹೋಮಾದ ಒಂದು ಸಣ್ಣ ಊರಿಗೆ ಬಂದು ನೆಲೆಸಿದ್ದರಲ್ಲಿ ಆ ಅಂಗಣದ ಪಾಲು ಎಷ್ಟು, ಅಲ್ಲಿನ ಪರಂಪರೆಯ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಸ್ಟಿಲ್‌ವಾಟರ್‌ನಂಥ ಊರಿಗೆ ಹದಿನೆಂಟರ ಹುಡುಗನನ್ನು ಕರೆತರಲು ಸಮುದ್ರ, ಬೆಟ್ಟ, ಮಹಾನಗರ ಯಾವುದೂ ಇಲ್ಲ. ಇರುವುದು ಅಂಗಣ. ಆಟಗಾರರನ್ನು ಸೆಳೆಯುವ ಆಯುಧವಾಗಿ ಕಾರ್ಸ್ಟನ್ ಕ್ರೀಕ್ ತನ್ನ ಖರ್ಚನ್ನು ಎಂದೋ ತೀರಿಸಿದೆ ಎಂದು ಧಾರಾಳವಾಗಿ ಹೇಳಬಹುದು.

ಆದರೆ ತವರಿನ ಲಾಭ? ಅದನ್ನು ಅಳೆಯಲು ಒಂದು ಅಪರೂಪದ ಪ್ರಯೋಗವೇ ನಡೆದಿದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಮೂರು ಸಲ ಕಾರ್ಸ್ಟನ್ ಕ್ರೀಕ್‌ಗೇ ಬಂದಿತು. 2003ರಲ್ಲಿ ಗೆದ್ದದ್ದು ಕ್ಲೆಮ್ಸನ್. ಒಕ್ಲಹೋಮಾ ಸ್ಟೇಟ್ ಎರಡು ಹೊಡೆತಗಳಿಂದ ಎರಡನೇ ಸ್ಥಾನಕ್ಕೆ ಇಳಿಯಿತು. 2011ರಲ್ಲಿ ಅದು ಸೆಮಿಫೈನಲ್‌ನಲ್ಲಿ ಸೋತಿತು. ಸೋಲಿಸಿದ ತಂಡ ಆಗಸ್ಟಾ ಸ್ಟೇಟ್: ಬೇರೆಲ್ಲ ಕ್ರೀಡೆಗಳಲ್ಲಿ ಎರಡನೇ ದರ್ಜೆಯಲ್ಲಿ ಆಡುತ್ತಿದ್ದ, ಗಾಲ್ಫಿನಲ್ಲಿ ಮಾತ್ರ ಮೊದಲ ದರ್ಜೆಗೆ ಬರುತ್ತಿದ್ದ ಪುಟ್ಟ ಕಾಲೇಜು. ಪ್ಯಾಟ್ರಿಕ್ ರೀಡ್ ಇದ್ದ ಆ ತಂಡ ಹಿಂದಿನ ವರ್ಷವೂ ಚಾಂಪಿಯನ್ ಆಗಿತ್ತು, ಆ ವರ್ಷ ಫೈನಲ್‌ನಲ್ಲಿ ಜಾರ್ಜಿಯಾವನ್ನೂ ಮಣಿಸಿತು. 2018ರಲ್ಲಿ ಕೊನೆಗೂ ಒಕ್ಲಹೋಮಾ ಸ್ಟೇಟ್ ತನ್ನ ಅಂಗಳದಲ್ಲಿ ಗೆದ್ದಿತು, ಫೈನಲ್‌ನಲ್ಲಿ ಅಲಬಾಮಾ ವಿರುದ್ಧ 5–0. ಮೂರರಲ್ಲಿ ಒಂದು. ಮೂರೂ ಸಲ ಅದು ಬಲಿಷ್ಠ ತಂಡವೇ ಆಗಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ತವರು ಅದಕ್ಕೆ ವರವಾಯಿತು ಎನ್ನಲು ಧೈರ್ಯ ಬರುವುದಿಲ್ಲ.

ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಚಾಂಪಿಯನ್‌ಷಿಪ್ ಬಂದಾಗ ಗ್ರೀನ್‌ಗಳ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ವೇಗ, ಧ್ವಜಗಳ ಜಾಗ, ಅಂಚಿನ ಹುಲ್ಲಿನ ಎತ್ತರ ಎಲ್ಲವನ್ನೂ ತೀರ್ಮಾನಿಸುವವರು ಸಂಘಟಕರು. ಪರಿಚಿತ ಮನೆಯಲ್ಲಿ ಪೀಠೋಪಕರಣವನ್ನೆಲ್ಲ ಬೇರೆಯವರು ಜರುಗಿಸಿಟ್ಟಂತೆ. ಮೇಲಾಗಿ ಗಾಲ್ಫಿನಲ್ಲಿ ಎದುರಾಳಿಯ ಕಿವಿಗೆ ಅಬ್ಬರಿಸುವ ಗ್ಯಾಲರಿ ಇಲ್ಲ. ಇರುವುದು ತಂದೆ ತಾಯಿ, ದಾನಿಗಳು, ಹಳೆಯ ವಿದ್ಯಾರ್ಥಿಗಳು. ಅವರೆಲ್ಲರ ಮೌನವಾದ ನಿರೀಕ್ಷೆ ಬೀಳುವುದು ತವರಿನ ಹುಡುಗರ ಹೆಗಲ ಮೇಲೆ. ಹಾಗೆಂದು ಯಾರಿಗೂ ಉಪಯೋಗವಾಗಿಲ್ಲ ಎನ್ನುವಂತಿಲ್ಲ. 2019ರ ಚಾಂಪಿಯನ್‌ಷಿಪ್ ಅರ್ಕನ್ಸಾ ವಿಶ್ವವಿದ್ಯಾಲಯದ ತವರಾದ ಬ್ಲೆಸಿಂಗ್ಸ್ ಅಂಗಣದಲ್ಲಿ ನಡೆದಾಗ ಮಹಿಳೆಯರ ವೈಯಕ್ತಿಕ ಪ್ರಶಸ್ತಿಯನ್ನು ಗೆದ್ದದ್ದು ಅರ್ಕನ್ಸಾದ್ದೇ ಮರಿಯಾ ಫಾಸ್ಸಿ. ತಂಡದ ಪ್ರಶಸ್ತಿ ಮಾತ್ರ ಡ್ಯೂಕ್ ಪಾಲಾಯಿತು.

ಈಗ ಸಂಘಟಕರು ಆ ಪ್ರಶ್ನೆಯನ್ನೇ ಪಕ್ಕಕ್ಕೆ ಸರಿಸಿದ್ದಾರೆ. 2021ರಿಂದ ಮೂರು ವರ್ಷ ಅರಿಝೋನಾದ ಗ್ರೇಹಾಕ್, 2024ರಿಂದ ಲಾ ಕೋಸ್ಟಾ: ವರ್ಷ ವರ್ಷ ಊರು ಬದಲಿಸುವ ಬದಲು ಒಂದೇ ರೆಸಾರ್ಟಿನಲ್ಲಿ ಬೀಡು. ಲಾ ಕೋಸ್ಟಾಕ್ಕೆ ಅಧಿಕೃತ ಆತಿಥೇಯ ಸಂಸ್ಥೆ ಟೆಕ್ಸಸ್ ವಿಶ್ವವಿದ್ಯಾಲಯ ಎಂಬುದು ಒಂದು ಮೋಜಿನ ಸಂಗತಿ. ಎರಡು ರಾಜ್ಯ ದಾಟಿದರೆ ಸಿಗುವ ತವರು! ಗ್ರೇಹಾಕ್ ಇರುವುದಂತೂ ಅರಿಝೋನಾ ಸ್ಟೇಟ್ ಇರುವ ಫೀನಿಕ್ಸ್ ಸೀಮೆಯಲ್ಲೇ. ಆದರೂ 2022ರ ಫೈನಲ್‌ನಲ್ಲಿ ಅರಿಝೋನಾ ಸ್ಟೇಟ್ ತಂಡ ಟೆಕ್ಸಸ್‌ಗೆ 3–2ರಿಂದ ಸೋತಿತು.

ಇಷ್ಟಾದ ಮೇಲೆ ಸಮಯದ ಮಾತಿಗೆ ಬರೋಣ. ವಿಷಯದ ತಿರುಳು ಇರುವುದು ಇಲ್ಲಿ.

ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ನಿಯಮದ ಪ್ರಕಾರ, ಋತುವಿನಲ್ಲಿ ತರಬೇತುದಾರರು ಕಡ್ಡಾಯವಾಗಿ ನಡೆಸುವ ಅಭ್ಯಾಸ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಸ್ಪರ್ಧೆಯ ದಿನ ಎಷ್ಟೇ ಹೊತ್ತು ಆಡಿದರೂ ಲೆಕ್ಕಕ್ಕೆ ಹಿಡಿಯುವುದು 3 ಗಂಟೆ. ಗಾಲ್ಫ್ ಗೊತ್ತಿದ್ದವರಿಗೆ ಇದರ ಇಕ್ಕಟ್ಟು ತಕ್ಷಣ ಹೊಳೆಯುತ್ತದೆ. ನಾಲ್ವರು ನಡೆದುಕೊಂಡು 18 ಹೋಲ್ ಮುಗಿಸಲು ನಾಲ್ಕು ಗಂಟೆಯ ಮೇಲೇ ಬೇಕು. ಅಭ್ಯಾಸ ಸುತ್ತಿಗೆ ದಿನದ ಮಿತಿಯಿಂದ ವಿನಾಯಿತಿ ಇದ್ದರೂ ವಾರದ 20 ಗಂಟೆಯಲ್ಲಿ ಅದೂ ಸೇರುತ್ತದೆ. ಅಂದರೆ ಒಂದು ಪೂರ್ತಿ ಸುತ್ತು ಆಡಿದರೆ ವಾರದ ಕೋಟಾದ ಐದನೇ ಒಂದಕ್ಕಿಂತ ಹೆಚ್ಚು ಖಾಲಿ. ಪಟ್ಟಿಂಗ್‌ಗೆ, ಬಂಕರ್ ಎಂಬ ಮರಳುಗುಂಡಿಗೆ, ತಪ್ಪಿದ ಹೊಡೆತವನ್ನು ತಿದ್ದಿಕೊಳ್ಳುವುದಕ್ಕೆ ಉಳಿಯುವುದು ಹೆಚ್ಚಾಗಿ ವಿದ್ಯಾರ್ಥಿ ತಾನಾಗಿ ಮಾಡುವ ಅಭ್ಯಾಸ. ಅದಕ್ಕೆ ಲೆಕ್ಕ ಇಲ್ಲ, ಮಿತಿಯೂ ಇಲ್ಲ.

ಹಾಗೆಯೇ ಪ್ರಯಾಣದ ಹೊತ್ತೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂಗಣ ಹಾಸ್ಟೆಲಿನಿಂದ 35 ನಿಮಿಷ ದೂರ ಇದೆ ಎಂದಿಟ್ಟುಕೊಳ್ಳಿ. ಹೋಗಿ ಬರಲು 70 ನಿಮಿಷ, ವಾರಕ್ಕೆ ಐದು ದಿನವಾದರೆ ಆರು ಗಂಟೆಗೆ ಹತ್ತಿರ. ನಿಯಮದ ಪುಸ್ತಕಕ್ಕೆ ಅದು ಕಾಣುವುದಿಲ್ಲ, ಎಂಜಿನಿಯರಿಂಗ್ ಓದುವ ಹುಡುಗಿಗೆ ಕಾಣುತ್ತದೆ. ಅವಳು ರಾತ್ರಿ ಎಂಟಕ್ಕೆ ಲೈಬ್ರರಿಯಿಂದ ಎದ್ದು ಅರ್ಧ ಗಂಟೆ ಪಟ್ ಮಾಡಿ ಬರಬಹುದೇ ಎಂಬುದೇ ಅವಳ ಮುಂದಿನ ನಾಲ್ಕು ವರ್ಷವನ್ನು ನಿರ್ಧರಿಸುತ್ತದೆ. ಈ ಲೆಕ್ಕದಲ್ಲಿ ನಡೆದು ಹೋಗುವ ದೂರದ ಸಾಧಾರಣ ಕಟ್ಟಡವೊಂದು ಮೈಲಿಗಳಾಚೆಯ ಸ್ವರ್ಗಕ್ಕಿಂತ ಮೇಲು. ಅದಕ್ಕೇ ನಾನು ‘ಅಭ್ಯಾಸ ಸೌಕರ್ಯ’ವನ್ನೂ ‘ತವರು ಅಂಗಣ’ವನ್ನೂ ಒಂದೇ ಉಸಿರಿನಲ್ಲಿ ಹೇಳುವುದನ್ನು ಒಪ್ಪುವುದಿಲ್ಲ. ಅಂಗಣ ಬೇಕಾಗುವುದು ವಾರಕ್ಕೆ ಎರಡು ಮೂರು ಸಲ, ಅದು ಯಾರದ್ದಾದರೂ ಆಗಬಹುದು. ಸೌಕರ್ಯ ದಿನವೂ ಬೇಕು, ಅದರ ಬೀಗದ ಕೈ ವಿದ್ಯಾರ್ಥಿಯ ಜೇಬಿನಲ್ಲಿರಬೇಕು.

ಉತ್ತರದ ಹಿಮದ ರಾಜ್ಯಗಳ ಕಾಲೇಜುಗಳು ಈ ಸತ್ಯವನ್ನು ಬೇರೆಯವರಿಗಿಂತ ಮೊದಲು ಕಂಡುಕೊಂಡದ್ದು ಜಾಣತನದಿಂದಲ್ಲ, ಗತ್ಯಂತರವಿಲ್ಲದೆ. ನಾರ್ತ್‌ವೆಸ್ಟರ್ನ್‌ಗೆ ಕ್ಯಾಂಪಸ್ಸಿನಲ್ಲೇ ಗ್ಲೀಚರ್ ಗಾಲ್ಫ್ ಕೇಂದ್ರ ಎಂಬ ಒಳಾಂಗಣ ಇದೆ. ಹೊರಗಿನ ಅಭ್ಯಾಸಕ್ಕೆ ಗ್ಲೆನ್‌ವ್ಯೂ ಊರಿನ ಗ್ಲೆನ್ ಕ್ಲಬ್‌ನಲ್ಲಿ, ಅಲ್ಲೇ ಓದಿ ಮುಂದೆ ವಿಶ್ವದ ಅಗ್ರ ಆಟಗಾರನಾದ ಲೂಕ್ ಡೊನಾಲ್ಡ್ ಹೆಸರಿನ ಮೈದಾನವಿದೆ. ಇಲಿನಾಯ್ ವಿಶ್ವವಿದ್ಯಾಲಯ 2007ರಲ್ಲಿ ಡೆಮಿರ್ಜಿಯನ್ ಒಳಾಂಗಣ ಕಟ್ಟಿತು. ಆಮೇಲಿನ ವರ್ಷಗಳಲ್ಲಿ ಮೈಕ್ ಸ್ಮಾಲ್ ತರಬೇತಿಯಲ್ಲಿ ಆ ತಂಡ ತನ್ನ ವಲಯವನ್ನು ಹೆಚ್ಚುಕಡಿಮೆ ಒಡೆತನಕ್ಕೆ ತೆಗೆದುಕೊಂಡಿತು. 2012ರಲ್ಲಿ ಅಲ್ಲಿನ ಥಾಮಸ್ ಪೀಟರ್ಸ್ ವೈಯಕ್ತಿಕ ರಾಷ್ಟ್ರೀಯ ಚಾಂಪಿಯನ್ ಆದರು, 2013ರಲ್ಲಿ ತಂಡ ಫೈನಲ್ ತಲುಪಿತು. ಅರ್ಬಾನಾದ 18 ಹೋಲ್‌ಗಳ ಸ್ವಂತ ಅಂಗಣ ಅದಕ್ಕೆ ದಾನವಾಗಿ ಸಿಕ್ಕಿದ್ದು ಇದಾದ ಎಷ್ಟೋ ವರ್ಷದ ಮೇಲೆ. ಮೊದಲು ಸೂರು, ಆಮೇಲೆ ಅಂಗಣ.

ಸೂರಿನ ಕೆಳಗೆ ಏನು ಕಲಿಯಬಹುದು, ಏನು ಕಲಿಯಲಾಗದು? ಹೊಡೆತದ ರೂಪ, ಚೆಂಡಿನ ವೇಗ, ತಿರುಗು, ಏರುವ ಕೋನ ಎಲ್ಲವನ್ನೂ ಈಗ ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್‌ನಂಥ ರಾಡಾರ್ ಯಂತ್ರಗಳು ಅಳೆಯುತ್ತವೆ. ಒಂಬತ್ತನೇ ನಂಬರಿನ ಐರನ್ ಎಂಬ ಕೋಲಿನಿಂದ ಹೊಡೆದ ಚೆಂಡು ಎಷ್ಟು ಗಜ ಹೋಗುತ್ತದೆ ಎಂಬ ಪ್ರಶ್ನೆಗೆ ಗಾಳಿಯಿಲ್ಲದ ಕೋಣೆಯಲ್ಲಿ ಸಿಗುವಷ್ಟು ನಿಖರ ಉತ್ತರ ಬಯಲಿನಲ್ಲಿ ಸಿಗದು. ಕೃತಕ ಹುಲ್ಲಿನ ಮೇಲೆ ಐದಡಿ ಪಟ್ಟನ್ನು ಸಾವಿರ ಸಲ ಹೊಡೆಯಬಹುದು. ಆದರೆ ಕಾಲ ಕೆಳಗೆ ಇಳಿಜಾರು, ಎದುರಿಗೆ ಗಾಳಿ, ಮಳೆಯಲ್ಲಿ ನೆನೆದ ಮರಳು ಇವು ಯಾವ ಕಟ್ಟಡದೊಳಗೂ ಸಿಗುವುದಿಲ್ಲ. ಹಾಗಾಗಿ ಉತ್ತರದ ತಂಡಗಳು ಫೆಬ್ರವರಿ ಬಂದೊಡನೆ ಫ್ಲಾರಿಡಾ, ಅರಿಝೋನಾಗಳಿಗೆ ವಿಮಾನ ಹತ್ತುತ್ತವೆ. ಆ ಟಿಕೆಟ್ಟಿನ ಖರ್ಚು ಸೌಕರ್ಯದ ಖರ್ಚಿನ ಭಾಗವೇ ಹೊರತು ಪ್ರವಾಸದ್ದಲ್ಲ.

ಗಾಳಿಯನ್ನೇ ಪಾಠವಾಗಿಸಿಕೊಂಡ ಉದಾಹರಣೆಯೂ ಇದೆ. ಟೆಕ್ಸಸ್‌ನ ಲಬಕ್ ಊರಿನಲ್ಲಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ರಾಲ್ಸ್ ಅಂಗಣ 2003ರಲ್ಲಿ ತೆರೆಯಿತು. ಮೂಲತಃ ತಟ್ಟೆಯಂತೆ ಸಪಾಟಾದ ಹತ್ತಿ ಹೊಲದ ಸೀಮೆ. ವಿನ್ಯಾಸಕ ಟಾಮ್ ಡೋಕ್ ಮಣ್ಣು ಬಗೆದು, ದಿಬ್ಬ ಎಬ್ಬಿಸಿ ಏರಿಳಿತ ಹುಟ್ಟಿಸಿದರು. ಗಾಳಿಯನ್ನು ಮಾತ್ರ ಯಾರೂ ಹುಟ್ಟಿಸಬೇಕಾಗಿರಲಿಲ್ಲ. ಸ್ವೀಡನ್ನಿನ ಲುಡ್ವಿಗ್ ಓಬರ್ಗ್ ಕಲಿತದ್ದು ಅಲ್ಲೇ. 2023ರಲ್ಲಿ ಕಾಲೇಜು ಮುಗಿಸಿದವರು ಅದೇ ವರ್ಷ ರೈಡರ್ ಕಪ್‌ನಲ್ಲಿ ಯುರೋಪ್ ಪರ ಆಡಿದರು.

ಸ್ವಂತ ಅಂಗಣ ಇಲ್ಲದವರ ಕಥೆ ಇನ್ನೂ ಸ್ವಾರಸ್ಯಕರ. ಲಾಸ್ ಏಂಜಲೀಸ್ ಪಕ್ಕದ ಮಲಿಬುವಿನಲ್ಲಿ ಕಡಲಿಗೆ ಮುಖ ಮಾಡಿ ಬೆಟ್ಟದ ಮೇಲೆ ಕೂತಿರುವ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯಕ್ಕೆ 18 ಹೋಲ್‌ಗಳ ಸ್ವಂತ ಅಂಗಣವಿಲ್ಲ, ಹಾಸಲು ಆ ಬೆಟ್ಟದಲ್ಲಿ ಜಾಗವೂ ಇಲ್ಲ. ತಂಡ ಸುತ್ತಮುತ್ತಲಿನ ಖಾಸಗಿ ಕ್ಲಬ್‌ಗಳ ಔದಾರ್ಯದಲ್ಲಿ ಆಡುತ್ತದೆ. 2021ರಲ್ಲಿ ಅದು ಒಕ್ಲಹೋಮಾ ತಂಡವನ್ನು (ಒಕ್ಲಹೋಮಾ ಸ್ಟೇಟ್ ಅಲ್ಲ, ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ) ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಭಾರತೀಯ ಮೂಲದ ಸಾಹಿತ್ ತೀಗಲ ಅದರ ಹಿಂದಿನ ವರ್ಷವಷ್ಟೇ ಅಲ್ಲಿಂದ ಹೊರಬಿದ್ದಿದ್ದರು. ಒಂದೇ ಅಂಗಣಕ್ಕೆ ಅಂಟಿಕೊಳ್ಳದೆ ವಾರಕ್ಕೆ ಮೂರು ಬಗೆಯ ಗ್ರೀನ್ ನೋಡುವವನಿಗೆ ಪರ ಊರು ಅಷ್ಟಾಗಿ ಪರಕೀಯ ಅನ್ನಿಸುವುದಿಲ್ಲ. ಬಡತನದ ಹಾಗೆ ಕಾಣುವುದರಲ್ಲಿ ಒಂದು ಅನುಕೂಲ ಅಡಗಿದೆ. ಇನ್ನೂ ಹಿಂದೆ ಹೋದರೆ, 2002ರಲ್ಲಿ ಮಿನೆಸೋಟ ತಂಡ ಒಹಾಯೊ ಸ್ಟೇಟ್‌ನ ಸ್ಕಾರ್ಲೆಟ್ ಅಂಗಣದಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ, ಅದರ ವಿಶ್ವವಿದ್ಯಾಲಯ ಹಣವಿಲ್ಲವೆಂದು ಗಾಲ್ಫ್ ತಂಡವನ್ನೇ ಮುಚ್ಚಲು ಹೊರಟಿತ್ತು.

ಬೇರೆಯವರ ಅಂಗಣ ಎಂಬುದು ಹೊಸ ವ್ಯವಸ್ಥೆಯೂ ಅಲ್ಲ. ಟೆಕ್ಸಸ್ ವಿಶ್ವವಿದ್ಯಾಲಯದ ಹುಡುಗರಿಗೆ 1931ರಿಂದ 1963ರವರೆಗೆ ತರಬೇತಿ ಕೊಟ್ಟ ಹಾರ್ವಿ ಪೆನಿಕ್ ವೃತ್ತಿಯಿಂದ ಆಸ್ಟಿನ್ ಕಂಟ್ರಿ ಕ್ಲಬ್ಬಿನ ಶಿಕ್ಷಕರು. ಗುರು ಇದ್ದಲ್ಲಿ ಗುರುಕುಲ. ಅದೇ ವಿಶ್ವವಿದ್ಯಾಲಯ 2003ರಲ್ಲಿ ತನ್ನದೇ ಗಾಲ್ಫ್ ಕ್ಲಬ್ಬಿಗೆ ಹೋಯಿತು, ಆಮೇಲೆ ಹಳೆಯ ವಿದ್ಯಾರ್ಥಿ ಜೋರ್ಡನ್ ಸ್ಪೀತ್ ಹೆಸರಿನಲ್ಲಿ ಗಿಡ್ಡ ಹೊಡೆತಗಳಿಗೆಂದೇ ಒಂದು ಅಭ್ಯಾಸದ ಜಾಗವನ್ನೂ ಮಾಡಿಕೊಂಡಿತು.

ಖಾಸಗಿ ಕ್ಲಬ್ಬಿನ ಔದಾರ್ಯಕ್ಕೆ ಒಂದು ತೊಂದರೆ ಇದೆ: ಅದು ಔದಾರ್ಯ. ಆಡಳಿತ ಮಂಡಳಿ ಬದಲಾದರೆ, ಸದಸ್ಯರ ಸಂಖ್ಯೆ ಏರಿದರೆ, ಯಾರೋ ಹುಡುಗ ಬಂಕರ್ ಸರಿಪಡಿಸದೆ ಹೋದ ಎಂದು ದೂರು ಬಂದರೆ, ತಂಡದ ಸಮಯ ಕುಗ್ಗುತ್ತದೆ. ಆದರೆ ವಿಶ್ವವಿದ್ಯಾಲಯದ ಸ್ವಂತ ಅಂಗಣದಲ್ಲೂ ವಿದ್ಯಾರ್ಥಿಯೇ ಒಡೆಯ ಎಂದುಕೊಂಡರೆ ಭ್ರಮೆ. ಇಂಥ ಅಂಗಣಗಳಲ್ಲಿ ಹೆಚ್ಚಿನವು ತಮ್ಮ ಖರ್ಚನ್ನು ತಾವೇ ದುಡಿಯಬೇಕು. ಹುಲ್ಲು ಕತ್ತರಿಸುವವರ ಸಂಬಳ, ನೀರು, ಗೊಬ್ಬರ, ಯಂತ್ರಗಳ ದುರಸ್ತಿ ಎಲ್ಲವೂ ಹೊರಗಿನವರು ಕೊಡುವ ಶುಲ್ಕದಿಂದ, ಕಂಪನಿಗಳ ಕೂಟಗಳಿಂದ, ಮದುವೆ ಮನೆಗಳಿಂದ ಬರಬೇಕು. ಶನಿವಾರ ಬೆಳಗಿನ ಹೊತ್ತಿಗೆ ಹಣ ಕೊಟ್ಟು ಬಂದವನಿಗೆ ಮೊದಲ ಟೀ ಸಮಯ, ಅಂದರೆ ಆಟ ಶುರು ಮಾಡುವ ಸರದಿ, ತಂಡಕ್ಕೆ ಉಳಿದದ್ದು. ದಾನಿಗಳು ಕಟ್ಟಡಕ್ಕೆ ಹಣ ಕೊಡುತ್ತಾರೆ, ಏಕೆಂದರೆ ಅದರ ಮೇಲೆ ಹೆಸರು ಹಾಕಬಹುದು. ಗೊಬ್ಬರದ ಚೀಲದ ಮೇಲೆ ಹೆಸರು ಹಾಕಿಸಿಕೊಳ್ಳಲು ಯಾರೂ ಮುಂದೆ ಬಂದದ್ದನ್ನು ನಾನು ಕೇಳಿಲ್ಲ.

ಒಡೆತನದ ಅಸಲಿ ಅಪಾಯ ಏನೆಂದು ತೋರಿಸಿಕೊಟ್ಟದ್ದು ಅರಿಝೋನಾ ಸ್ಟೇಟ್. ಪೀಟ್ ಡೈ ವಿನ್ಯಾಸದ ಅದರ ಕಾರ್ಸ್ಟನ್ ಅಂಗಣ (ಇಲ್ಲೂ ಅದೇ ಸೋಲ್ಹೈಮ್ ಹೆಸರು) 1989ರಲ್ಲಿ ಟೆಂಪಿ ನಗರದಲ್ಲಿ, ಕ್ಯಾಂಪಸ್ಸಿನ ಮಗ್ಗುಲಲ್ಲೇ ತೆರೆಯಿತು. ಮುಂದೆ ವೃತ್ತಿಪರ ಗಾಲ್ಫಿನ ದೊಡ್ಡ ಹೆಸರಾದ ಫಿಲ್ ಮಿಕೆಲ್ಸನ್ ವಿದ್ಯಾರ್ಥಿಯಾಗಿದ್ದ ಕಾಲ ಅದು. ದಶಕಗಳ ಮೇಲೆ ಜಾನ್ ರಾಮ್ ಕೂಡ ಅಲ್ಲೇ ಬೆಳೆದರು. ಹಾಸ್ಟೆಲಿನಿಂದ ಸೈಕಲ್ ದೂರ, ಮರುಭೂಮಿಯ ಬಿಸಿಲು, ಹೆಸರಾಂತ ವಿನ್ಯಾಸಕ. ನಾನು ಮೇಲೆ ಹೇಳಿದ ಎಲ್ಲ ಲಕ್ಷಣಗಳೂ ಇದ್ದವು. 2019ರ ಮೇ ತಿಂಗಳಲ್ಲಿ ಅದು ಮುಚ್ಚಿತು. ನಗರದ ನಡುವಿನ ಅಷ್ಟು ದೊಡ್ಡ ನೆಲಕ್ಕೆ ಹುಲ್ಲಿಗಿಂತ ಬೆಲೆಬಾಳುವ ಬಳಕೆಗಳಿದ್ದವು. ಬೇರೆ ಕ್ರೀಡೆಗಳ ಸೌಕರ್ಯ ಮತ್ತು ವಾಣಿಜ್ಯ ಕಟ್ಟಡಗಳ ಯೋಜನೆಗೆ ಅದು ಸೇರಿಹೋಯಿತು. ಗಾಲ್ಫ್ ತಂಡ ತನ್ನ ಸ್ವಂತ ಮನೆಯಿಂದ ಹೊರಬಿತ್ತು. ಹೊರಗಿನವರಲ್ಲ, ಮನೆಯ ಯಜಮಾನನೇ ಎಬ್ಬಿಸಿ ಕಳುಹಿಸಿದ್ದು.

ಅದು ಹೋಗಿ ಸೇರಿದ್ದು ಪಪಾಗೊಗೆ. ಫೀನಿಕ್ಸ್ ನಗರಸಭೆಗೆ ಸೇರಿದ, 1960ರ ದಶಕದ ಸಾರ್ವಜನಿಕ ಅಂಗಣ. ಕ್ಯಾಂಪಸ್ಸಿನಿಂದ ಕೆಲವೇ ಮೈಲಿ. ಅಲ್ಲಿ ತಂಡಕ್ಕೆಂದೇ ಪ್ರತ್ಯೇಕ ಅಭ್ಯಾಸ ಸಮುಚ್ಚಯ ಎದ್ದಿತು, ಅದರ ವಿನ್ಯಾಸದಲ್ಲಿ ಮಿಕೆಲ್ಸನ್ ಕೈಜೋಡಿಸಿದರು. ಒಂದು ಬೇಲಿಯ ಆಚೆ ನಿವೃತ್ತ ಅಂಚೆ ನೌಕರ ತನ್ನ ಗೆಳೆಯರೊಂದಿಗೆ ಆಡುತ್ತಾನೆ, ಈಚೆ ನಾಳೆಯ ವೃತ್ತಿಪರ ಆಟಗಾರ ಬಂಕರ್‌ನಲ್ಲಿ ಬೆವರುತ್ತಾನೆ. ಮೊದಲು ನನಗೆ ಇದು ಇಳಿತದಂತೆ ಕಂಡಿತ್ತು. ಯೋಚಿಸಿದಷ್ಟೂ ಇದೇ ಹೆಚ್ಚು ಬಾಳಿಕೆಯ ಮಾದರಿ ಅನ್ನಿಸುತ್ತಿದೆ: ಅಂಗಣದ ಭಾರ ಊರಿನದು, ಸೌಕರ್ಯದ ಕೀಲಿ ತಂಡದ್ದು. ತಂಡವೂ ಕೆಟ್ಟಿಲ್ಲ, ಮೂರು ವರ್ಷದಲ್ಲಿ ಅದು ರಾಷ್ಟ್ರೀಯ ಫೈನಲ್ ಆಡಿತು. ಒಂದೇ ಕಿರಿಕಿರಿ ಮರುಭೂಮಿಯ ಹುಲ್ಲಿನ ಪಂಚಾಂಗದ್ದು. ಬೇಸಿಗೆಯ ಬರ್ಮುಡಾ ಹುಲ್ಲು ಚಳಿಗೆ ಒಣಗುವ ಮುನ್ನ ಆ ಸೀಮೆಯ ಅಂಗಣಗಳು ಶರತ್ಕಾಲದಲ್ಲಿ ಕೆಲವು ವಾರ ಮುಚ್ಚಿ ರೈ ಹುಲ್ಲಿನ ಬೀಜ ಬಿತ್ತುತ್ತವೆ. ಕಾಲೇಜು ಋತು ಆರಂಭವಾಗುವುದೂ ಸರಿಯಾಗಿ ಆಗಲೇ.

ಮುಚ್ಚುವ ಭೀತಿ ಇನ್ನು ಮುಂದೆ ಹೆಚ್ಚಬಹುದು. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ, ಕ್ರೀಡಾಪಟುಗಳು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಪ್ರಕರಣದ ರಾಜಿಯ ನಂತರ ಅಮೆರಿಕದ ವಿಶ್ವವಿದ್ಯಾಲಯಗಳು ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಅದರ ಬಹುಪಾಲು ಹೋಗುವುದು ಅಮೆರಿಕನ್ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ಗೆ ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಗಾಲ್ಫಿಗೆ ಆದ ಬದಲಾವಣೆ ಬೇರೆ ಬಗೆಯದು. ಮೊದಲು ಪುರುಷರ ಇಡೀ ತಂಡಕ್ಕೆ 4.5 ವಿದ್ಯಾರ್ಥಿವೇತನ, ಮಹಿಳೆಯರದ್ದಕ್ಕೆ 6 ಎಂಬ ಮಿತಿ ಇತ್ತು; ಅದನ್ನೇ ಚೂರು ಚೂರು ಮಾಡಿ ಹಂಚುತ್ತಿದ್ದರು. ಈಗ ಆ ಮಿತಿ ಹೋಗಿ, ರಾಜಿಗೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ತಂಡದ ಗಾತ್ರಕ್ಕೇ ಒಂಬತ್ತರ ಗಡಿ ಬಂದಿದೆ. ಕಾಗದದ ಮೇಲೆ ಒಂಬತ್ತು ಮಂದಿಗೂ ಪೂರ್ತಿ ವೇತನ ಕೊಡಬಹುದು. ಕೊಡಲು ಹಣ ಎಲ್ಲಿಂದ ಬರಬೇಕು? ಮತ್ತೆ ಅದೇ ದಾನಿಗಳಿಂದ. ಹಿಂದೆ ಅವರ ಬಳಿ ಕಟ್ಟಡ ಕೇಳುತ್ತಿದ್ದ ತರಬೇತುದಾರರು ಈಗ ಆಟಗಾರನ ಸಂಭಾವನೆ ಕೇಳಬೇಕೋ, ಹೊಸ ಗ್ರೀನ್ ಕೇಳಬೇಕೋ ಎಂಬ ಇಬ್ಬಂದಿಯಲ್ಲಿದ್ದಾರೆ. ಅಂಗಣ ಮೂವತ್ತು ವರ್ಷ ಇರುತ್ತದೆ; ಆಟಗಾರ ಮುಂದಿನ ವರ್ಷ ಬೇರೆ ಕಾಲೇಜಿಗೆ ಹೋಗಬಹುದು. ಆದರೂ ಗೆಲುವು ಬೇಕಿರುವುದು ಈ ವರ್ಷ.

ಮಹಿಳಾ ತಂಡಗಳ ಮಟ್ಟಿಗೆ ಇಲ್ಲಿ ಒಂದು ರಕ್ಷಣೆ ಇದೆ. 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಅಭ್ಯಾಸದ ಸೌಕರ್ಯದಲ್ಲೂ ಗಂಡು ಹೆಣ್ಣಿಗೆ ಭೇದ ಮಾಡುವಂತಿಲ್ಲ. ಹೊಸ ಕಟ್ಟಡಗಳಲ್ಲಿ ಎರಡೂ ತಂಡಗಳಿಗೆ ಒಂದೇ ಸೂರು ಇರುವುದರ ಹಿಂದೆ ಸದ್ಭಾವನೆಯ ಜೊತೆ ಈ ಕಾನೂನಿನ ಭಯವೂ ಇದೆ.

ತವರು ಎಂಬುದು ಎಷ್ಟು ವಿಚಿತ್ರ ತಿರುವು ತೆಗೆದುಕೊಳ್ಳಬಹುದು ಎಂಬುದಕ್ಕೆ 2021ರ ಮೇ ತಿಂಗಳ ಬ್ಯಾಟನ್ ರೂಜ್ ಪ್ರಕರಣವನ್ನು ಹೇಳದೆ ಮುಂದೆ ಹೋಗಲಾರೆ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತವರಾದ ಯೂನಿವರ್ಸಿಟಿ ಕ್ಲಬ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಅರ್ಹತೆ ಕೊಡುವ ಮಹಿಳೆಯರ ವಲಯ ಸುತ್ತು. 18 ತಂಡಗಳು ಬಂದಿದ್ದವು. ದಿನಗಟ್ಟಲೆ ಮಳೆ. ಕೊನೆಗೆ ಅಂಗಣ ಆಡುವಂತಿದೆ, ಆದರೆ ಚಾಂಪಿಯನ್‌ಷಿಪ್ ಮಟ್ಟದಲ್ಲಿ ಆಡುವಂತಿಲ್ಲ ಎಂದು ಘೋಷಿಸಿ ಇಡೀ ಸುತ್ತನ್ನೇ ರದ್ದು ಮಾಡಿದರು. ಒಂದು ಹೊಡೆತವೂ ಇಲ್ಲದೆ ಶ್ರೇಯಾಂಕದ ಮೊದಲ ಆರು ತಂಡಗಳು ಮುಂದೆ ಹೋದವು. ಆತಿಥೇಯ ತಂಡ ಅವುಗಳಲ್ಲಿ ಮೊದಲನೆಯದು. ಉಳಿದ ಹನ್ನೆರಡು ತಂಡಗಳ ಹುಡುಗಿಯರು ಅಳುತ್ತ ಬಸ್ ಹತ್ತಿದರು. ಆತಿಥೇಯರ ತಪ್ಪೇನೂ ಇರಲಿಲ್ಲ. ಆದರೆ ಇಂಥ ಸುತ್ತುಗಳಿಗೆ ಅಂಗಣ ಆರಿಸುವಾಗ ವಿನ್ಯಾಸಕನ ಹೆಸರಿಗಿಂತ ಮೊದಲು ನೆಲದಡಿಯ ಚರಂಡಿಯನ್ನು ನೋಡಬೇಕು ಎಂದು ಅಂದು ಹಲವರಿಗೆ ಹೊಳೆಯಿತು.

ನಮ್ಮ ಕಡೆಯಿಂದ ಈ ದಾರಿ ಹಿಡಿದವರು ಮೊದಲಿನಿಂದಲೂ ಇದ್ದಾರೆ. ಜೀವ್ ಮಿಲ್ಖಾ ಸಿಂಗ್ ಟೆಕ್ಸಸ್‌ನ ಅಬಿಲೀನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಓದಿ 1993ರಲ್ಲಿ ಎರಡನೇ ದರ್ಜೆಯ ವೈಯಕ್ತಿಕ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಶಿವ್ ಕಪೂರ್ ಪರ್ಡ್ಯೂದಲ್ಲಿ ಕಲಿತರು. ಬೆಂಗಳೂರಿನ ಅದಿತಿ ಅಶೋಕ್ ಆ ದಾರಿ ಬಿಟ್ಟವರು. ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಣದಲ್ಲಿ ಆಟ ಕಲಿತು 2016ರಲ್ಲಿ ನೇರವಾಗಿ ವೃತ್ತಿಪರರಾದರು. ನಮ್ಮಲ್ಲಿ ಕಾಲೇಜಿಗೆ ಅಂಗಣ ಇರುವ ಮಾತೇ ಇಲ್ಲ. 1876ರ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಹಿಡಿದು ಹೆಚ್ಚಿನವು ಸದಸ್ಯರವು. ಮಕ್ಕಳಿಗೆ ಆಟ ಸಿಗುವುದು ಕ್ಲಬ್ಬಿನ ಕೃಪೆಯಿಂದ. ಆ ಅರ್ಥದಲ್ಲಿ ಬೆಂಗಳೂರಿನ ಹುಡುಗಿಗೆ ಪೆಪ್ಪರ್‌ಡೈನ್ ಮಾದರಿ ಹುಟ್ಟಿನಿಂದಲೇ ಪರಿಚಿತ.

ಈಚೆಗೆ ಬೆಂಗಳೂರಿನಿಂದಲೂ, ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾಗಳ ಕನ್ನಡದ ಮನೆಗಳಿಂದಲೂ ಮಕ್ಕಳು ಈ ಕಾಲೇಜು ತಂಡಗಳತ್ತ ನೋಡುತ್ತಿದ್ದಾರೆ. ಕ್ಯಾಂಪಸ್ ಭೇಟಿಗೆ ಹೋದರೆ ತರಬೇತುದಾರರು ಗಾಡಿಯಲ್ಲಿ ಕೂರಿಸಿಕೊಂಡು ಮರದ ಬೀರುಗಳಿರುವ ಲಾಕರ್ ಕೋಣೆ, ಗೋಡೆಯ ಮೇಲಿನ ಟ್ರೋಫಿಗಳು, ಆರು ಬಗೆಯ ಮರಳು ಎಲ್ಲವನ್ನೂ ತೋರಿಸುತ್ತಾರೆ. ತೋರಿಸಲಿ, ನೋಡುವಂಥವೇ. ಆಮೇಲೆ ಅಪ್ಪನೋ ಅಮ್ಮನೋ ಸಂಕೋಚ ಬಿಟ್ಟು, ಕಳೆದ ಅಕ್ಟೋಬರಿನ ಯಾವುದಾದರೊಂದು ಮಂಗಳವಾರದ ಟೀ ಸಮಯದ ಪಟ್ಟಿಯನ್ನು ನೋಡಬಹುದೇ ಎಂದು ಕೇಳಬೇಕು. ತಂಡದ ಹೆಸರು ಎಷ್ಟು ಸಾಲಿನಲ್ಲಿದೆ, ಮಧ್ಯಾಹ್ನದ ತರಗತಿ ಮುಗಿಯುವ ಹೊತ್ತಿಗೆ ಮೊದಲೋ ಆಮೇಲೋ, ಐದರೊಳಗೆ ಬಾರದ ಆರನೆಯ ಹುಡುಗನಿಗೆ ಅಂದು ಎಲ್ಲಿ ಜಾಗ ಕೊಟ್ಟಿದ್ದರು ಎಂದು ವಿಚಾರಿಸಬೇಕು. ಊರಿಗೆ ಮರಳುವ ಮುನ್ನ, ಗಾಡಿ ಬೇಡವೆಂದು ಹೇಳಿ, ಹಾಸ್ಟೆಲಿನ ಬಾಗಿಲಿನಿಂದ ಪಟ್ಟಿಂಗ್ ಗ್ರೀನ್‌ವರೆಗೆ ಮಗಳೊಂದಿಗೆ ಒಮ್ಮೆ ನಡೆದು ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಿಕೊಳ್ಳಬೇಕು.